ಫ್ರಿಜ್ಜಿನಲ್ಲಿ ಬಿಟ್ಟ ಕೀ

"ನನ್ನನ್ನ ಬೈದ್ರೂ ಸಹಿಸ್ಕೋತೀನಿ. ನನ್ನ ಐಸ್‌ಕ್ರೀಮಿಗೆ ಕೈ ಹಾಕಿದ್ರೆ ಸಹಿಸಲ್ಲ," ಎಂದು ಪರೆ ಅಜ್ಜಿ ಡಬ್ಬಿಯನ್ನು ತಂದು ಹುಯಾಳ ಮೂಗಿನ ಕೆಳಗೆ ಹಿಡಿದಳು.

"ಯಾರೂ ತಿಂದ ಹಾಗಿಲ್ವಲ್ಲ ಅಜ್ಜಿ?"

"ತಿಂದಿದ್ರೆ ಯಾರದೋ ಹೊಟ್ಟೆಗಾದ್ರೂ ಸೇರ್ತಿತ್ತು. ಇದನ್ನ ಕರಗಿಸಿ ಮತ್ತೆ ಗಟ್ಟಿ ಮಾಡಿದ್ದಾರೆ ಕಣೇ. ಮುಟ್ಟಿ ನೋಡು."

ಹುಯಾ ಮುಟ್ಟಿ ನೋಡಿದಳು. ಓರೆಯಾಗಿ ಇಟ್ಟಿದ್ದ ಡಬ್ಬಿಯಲ್ಲಿ ಐಸ್‌ಕ್ರೀಮು ಒಂದು ಬದಿಗೆ ಇಳಿದು, ಅಲ್ಲಿಯೇ ಕಲ್ಲಾಗಿ ಕೂತಿತ್ತು. ಮೇಲೆ ಒರಟು ಮಂಜಿನ ಪೊರೆ. ಫ್ರಿಜ್ ಮಾತ್ರ ಏನೂ ಅರಿಯದವರ ಹಾಗೆ ಗುಂಯ್ ಎನ್ನುತ್ತಿತ್ತು.

"ನಿನ್ನೆ ರಾತ್ರಿ ನೀವು ಮನೇಲಿ ಇರ್ಲಿಲ್ವಾ?"

"ನೀವು ಇಷ್ಟು ಜನ ನನ್ನ ಮನೆ ತುಂಬ ವೈರು ಎಳೆದಿದ್ದೀರಿ. ನಾನೆಲ್ಲಿ ಮಲಗ್ಲಿ? ಆಚೆ ದಡದಲ್ಲಿ ಮಗಳ ಮನೇಲಿದ್ದೆ. ಬೆಳಿಗ್ಗೆ ಬಂದೆ."

ಧಾರಾವಾಹಿಯ ನಟ ಹೋನೆ ಅಜ್ಜನ ಕೊನೆಯ ದೃಶ್ಯದ ಚಿತ್ರವಿದ್ದ ಪೆಟ್ಟಿಗೆ ಇದೇ ಮನೆಯ ಹಿಂದಿನ ಕೋಣೆಯಿಂದ ರಾತ್ರಿ ಮಾಯವಾಗಿ, ಧ್ವನಿ ಹಿಡಿಯುವ ತವೀತಾನ ಮೇಲೆ ಗುಮಾನಿ ಬಿದ್ದಿತ್ತು. ಹೊರಗೆ ಹೊಕಿಯಾಂಗಾ ಕೊಲ್ಲಿಯ ನೀರು ಇಳಿಯುತ್ತಿತ್ತು. ಒಳಗೆ ಹುಯಾಳ ತಲೆ ಓಡತೊಡಗಿತ್ತು.

ಹುಯಾ ಪೊಲೀಸರವಳಲ್ಲ. ಈ ಮನೆಯಲ್ಲಿ ಚಿತ್ರೀಕರಣ ನಡೆದಿರುವ ಟಿವಿ ಧಾರಾವಾಹಿಯ ಮೊದಲ ಸಹಾಯಕ ನಿರ್ದೇಶಕಿ. ನಿರ್ದೇಶಕರು ಕನಸು ಕಾಣುತ್ತಾರೆ. ಆ ಕನಸಿಗೆ ಹೊತ್ತಿಗೆ ಸರಿಯಾಗಿ ಜನ, ಬೆಳಕು, ಊಟ, ದೋಣಿ, ಎಲ್ಲವನ್ನೂ ಒದಗಿಸಿ, ಬೈದು, ನಗಿಸಿ, ದುಡಿಸುವವಳು ಇವಳು. ಇಡೀ ತಂಡ ಇವಳನ್ನು ಕರೆಯುವುದು ಆಂಟಿ ಎಂದು. ಆಂಟಿ ಸುಮ್ಮನಿರಿ ಎಂದರೆ ನಾಯಿಯೂ ಬೊಗಳುವುದಿಲ್ಲ.

"ಐಸ್‌ಕ್ರೀಮ್ ಪಂಚಾಯ್ತಿ ಮುಗೀತಾ?"

ಬಾಗಿಲಲ್ಲಿ ಗ್ಯಾವಿನ್ ನಿಂತಿದ್ದ. ಚಾನೆಲ್ಲಿನ ಮನುಷ್ಯ, ಬೆಳಗಿನ ಮೊದಲ ಫೆರಿಯಲ್ಲಿ ಬಂದಿಳಿದಿದ್ದ. ಒಂದು ಕಾಲದಲ್ಲಿ ಇದೇ ಗ್ಯಾವಿನ್ ಹುಯಾಳ ಸೆಟ್ಟಿನಲ್ಲಿ ಮೈಕಿನ ಉದ್ದ ಕೋಲು ಹಿಡಿದು ತೋಳು ನಡುಗಿಸುತ್ತ ನಿಲ್ಲುತ್ತಿದ್ದ ಎಂದರೆ ಈಗಿನವರು ನಂಬುವುದಿಲ್ಲ. ಈಗ ಅವನ ಬೂಟಿಗೆ ಕೆಸರು ತಾಗಿದರೆ ಮುಖ ಕೆಡುತ್ತದೆ.

"ಹಳೇ ಮನೆ, ಚೆನ್ನಾಗಿದೆ," ಎಂದ ಸುತ್ತ ನೋಡುತ್ತ. "ಚಿತ್ರದಲ್ಲಿ ನೋಡಿದ್ದಷ್ಟೇ. ಬಂದಿದ್ದು ಇವತ್ತೇ ಮೊದಲು."

ಲ್ಯಾಪ್‌ಟಾಪು ಇಡಲು ಜಾಗ ಮಾಡುತ್ತ, ಮೇಜಿನ ಮೇಲೆ ಬಿದ್ದಿದ್ದ ಬಟ್ಟೆ ಒಗೆಯುವ ಕೋಣೆಯ ಕೀಯನ್ನು ಎತ್ತಿಕೊಂಡ. ಮಾತಾಡುತ್ತಲೇ ಬಗ್ಗಿ, ತೆರೆದ ಬಾಗಿಲ ಹಿಂದಿನ ಸಂದಿಗೆ ಕೈ ಹಾಕಿ ಅದನ್ನು ನೇತುಹಾಕಿ, ಕೈ ಕೊಡವಿಕೊಂಡ.

"ನೋಡು ಹುಯಾ, ಲೆಕ್ಕ ಸುಲಭ. ಮನೆಗೆ ಇರೋದು ಎರಡೇ ಕೀ. ಒಂದು ಅಜ್ಜಿ ಹತ್ರ, ಒಂದು ತವೀತಾ ಹತ್ರ. ಅಜ್ಜಿ ಆಚೆ ದಡದಲ್ಲಿ. ತವೀತಾ ಎಲ್ಲಿದ್ದ ಅಂತ ಕೇಳಿದ್ರೆ ಒಬ್ಬನೇ ನೀರಿನ ಹತ್ರ ಕೂತಿದ್ನಂತೆ. ಇದನ್ನ ಯಾವ ಪೊಲೀಸು ನಂಬ್ತಾನೆ?"

"ನಾನು ನಂಬ್ತೀನಿ."

"ನೀನು ನಿನ್ನ ತಂಡದಲ್ಲಿ ಯಾರು ಏನು ಹೇಳಿದ್ರೂ ನಂಬ್ತೀಯ. ಮಧ್ಯಾಹ್ನದ ಫೆರಿಗೆ ನಾನು ವಾಪಸ್ ಹೋಗ್ತೀನಿ. ಅಷ್ಟರಲ್ಲಿ ಪೆಟ್ಟಿಗೆ ಸಿಗದಿದ್ರೆ ಧಾರಾವಾಹಿ ನಿಲ್ತು ಅಂತ ತಿಳ್ಕೋ. ತವೀತಾನ್ನ ಪೊಲೀಸರಿಗೆ ಕೊಡ್ತೀನಿ. ಅವನ ಧ್ವನಿಯಂತ್ರದ ಚೀಲಾನೂ ನನಗೆ ಕೊಡು, ಭದ್ರವಾಗಿರ್ಲಿ."

"ಚೀಲ ಅವನ ಕುತ್ತಿಗೇಲೇ ಭದ್ರವಾಗಿದೆ," ಎಂದಳು ಹುಯಾ. "ಮಧ್ಯಾಹ್ನದ ತನಕ ನನ್ನ ಸೆಟ್ಟು, ನನ್ನ ಮಾತು."

ಗ್ಯಾವಿನ್ ಹೆಗಲು ಕುಣಿಸಿ ಹೊರಗೆ ಫೋನಿಗೆ ನಡೆದ.

ತವೀತಾ ಸಾಮಾನಿನ ವ್ಯಾನಿನ ಹಿಂದುಗಡೆ ಕೂತಿದ್ದ. ಸಮೋವಾದವನು, ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಆಳು, ದನಿ ಮಾತ್ರ ಮಗುವಿನದು. ನಿನ್ನೆ ದೃಶ್ಯ ಮುಗಿದ ಕೂಡಲೇ ಹೋನೆ ಅಜ್ಜ ಎದೆ ಹಿಡಿದುಕೊಂಡಾಗ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಊರ ಆಸ್ಪತ್ರೆಗೆ ಓಡಿದವನು ಇವನೇ. ಅವನ ಹಿಂದೆ ಇಡೀ ತಂಡ ಬಸ್ಸು ಹತ್ತಿ ಓಡಿತ್ತು. ಹೆಲಿಕಾಪ್ಟರು ಅಜ್ಜನನ್ನು ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ತನಕ ಅಂಗಳದಲ್ಲಿ ನಿಂತು ಹಾಡಿತ್ತು. ಜೀವ ಉಳಿಯಿತು. ಆದರೆ ಅಜ್ಜ ಇನ್ನು ಕ್ಯಾಮೆರಾ ಮುಂದೆ ನಿಲ್ಲುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು. ಆ ಒಂದು ದೃಶ್ಯ ಮತ್ತೆ ಹುಟ್ಟುವುದಿಲ್ಲ.

ಆ ಗಡಿಬಿಡಿಯಲ್ಲಿ ಕ್ಯಾಮೆರಾದ ಕಾರ್ಡೂ ಅದರ ನಕಲೂ ಒಂದೇ ಪೆಟ್ಟಿಗೆಯಲ್ಲಿ ಹಿಂದಿನ ಕೋಣೆಯಲ್ಲಿ ಉಳಿದವು. ಅಜ್ಜನನ್ನು ಆಸ್ಪತ್ರೆಗೆ ಸೇರಿಸಿ ಮರಳಿ ಬಂದು ಬಾಗಿಲಿಗೆ ಬೀಗ ಹಾಕಿದವನು ತವೀತಾ.

"ಆಂಟಿ, ನಾನು ಹೋಗ್ಬಿಡ್ತೀನಿ," ಎಂದ. "ನಾನೇ ಅಂತ ಹೇಳ್ಬಿಡಿ. ಒಬ್ಬನಿಗೋಸ್ಕರ ಇಷ್ಟು ಜನರ ಕೆಲಸ ಯಾಕೆ ಹೋಗ್ಬೇಕು?"

"ಬಾಯಿ ಮುಚ್ಚೋ. ಹುತಾತ್ಮ ಆಗೋಕೆ ನಿನಗೆ ಸಂಬಳ ಕೊಟ್ಟಿಲ್ಲ. ನಿನ್ನೆ ಆ ದೃಶ್ಯಕ್ಕೆ ಮುಂಚೆ ಫ್ರಿಜ್ ಆರಿಸಿದ್ದು ಯಾರು?"

ತವೀತಾ ತಲೆ ಕೆರೆದುಕೊಂಡ. "ನಾನಲ್ಲ. ನಾನು ವರಾಂಡದಲ್ಲಿ ಯಂತ್ರದ ಮುಂದೆ ಇದ್ದೆ. ಒಳಗಿಂದ ಗುಂಯ್ ಅಂತ ಕೇಳಿಸ್ತು. 'ಫ್ರಿಜ್!' ಅಂತ ಕೂಗಿದೆ. ಯಾರೋ ಆರಿಸಿದ್ರು. ಆಮೇಲೆ ಕೇಳಿದ್ರೆ ಯಾರೂ ನಾನು ಅಂತಿಲ್ಲ."

ಈ ಕಸುಬಿನವರಿಗೆ ಫ್ರಿಜ್ ಎಂದರೆ ಶತ್ರು. ಅದರ ಗುಂಯ್ ಸದ್ದು ಮೈಕಿಗೆ ಬಿದ್ದರೆ ಒಳ್ಳೆ ಅಳುವೂ ಹಾಳು. ಹಾಗಾಗಿ ದೃಶ್ಯಕ್ಕೆ ಮುಂಚೆ ಆರಿಸುತ್ತಾರೆ. ಆರಿಸಿದವರು ಮತ್ತೆ ಹಾಕಲು ಮರೆತರೆ ಮನೆಯವರ ಮೀನು, ಹಾಲು, ಮರ್ಯಾದೆ ಎಲ್ಲ ಕೊಳೆಯುತ್ತದೆ. ಅದಕ್ಕೊಂದು ಉಪಾಯ: ಆರಿಸಿದವರು ತಮ್ಮ ಕಾರಿನ ಕೀಯನ್ನು ಫ್ರಿಜ್ಜಿನೊಳಗೇ ಇಡಬೇಕು. ಮನೆಗೆ ಹೋಗಬೇಕೆಂದರೆ ಕೀ ಬೇಕು, ಕೀ ಬೇಕೆಂದರೆ ಫ್ರಿಜ್ ತೆರೆಯಬೇಕು, ತೆರೆದ ಮೇಲೆ ಮರೆಯುವ ಮಾತಿಲ್ಲ. ಬೇರೆ ಕಡೆ ಇದು ಧ್ವನಿಯವನೊಬ್ಬನ ಪಾಡು. ಹುಯಾಳ ಸೆಟ್ಟಿನಲ್ಲಿ ಹತ್ತಿರ ಯಾರಿದ್ದಾರೋ ಅವರ ಕೆಲಸ, ನಟನಿರಲಿ, ಚಹಾ ಕೊಡುವವನಿರಲಿ.

"ಯೋಚನೆ ಮಾಡು," ಎಂದಳು ಹುಯಾ. "ಸಂಜೆ ನಾವೆಲ್ಲ ಓಡಿದಾಗ ಫ್ರಿಜ್ ಆರಿತ್ತು. ಐಸ್‌ಕ್ರೀಮು ಕರಗೋಷ್ಟು ಹೊತ್ತು ಆರೇ ಇತ್ತು. ಆಮೇಲೆ ಯಾರೋ ಬಂದು ಹಾಕಿದ್ದಾರೆ. ಊರ ಕಳ್ಳ ಬಂದಿದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತಿದ್ದ. ಅಜ್ಜಿ ಮೀನು ಕೆಡುತ್ತೆ ಅಂತ ಚಿಂತೆ ಮಾಡ್ತಿದ್ನಾ?"

ತವೀತಾನ ಮುಖ ಇನ್ನಷ್ಟು ಇಳಿಯಿತು. "ಹಾಗಾದ್ರೆ ನಮ್ಮವರೇ."

ಆ ಮಾತು ಹುಯಾಳಿಗೆ ಚುಚ್ಚಿತು. ಅವಳ ತಂಡದಲ್ಲಿ ಜಗಳವಾಗಿದೆ, ಮದುವೆಯಾಗಿದೆ, ಮದುವೆ ಮುರಿದಿದೆ. ಕಳವು ಆಗಿರಲಿಲ್ಲ.

"ನಿನ್ನೆಯದು ಹಾಕು. ದೃಶ್ಯಕ್ಕೆ ಮುಂಚಿನದು."

ತವೀತಾ ಹೆಡ್‌ಫೋನು ಕೊಟ್ಟ. ಧ್ವನಿ ಅವನ ಚೀಲದ ಯಂತ್ರದಲ್ಲಿತ್ತು. ಕಳ್ಳ ಒಯ್ದದ್ದು ಚಿತ್ರವನ್ನು. ಹುಯಾ ತನ್ನದೇ ಗದರಿಕೆ ಕೇಳಿದಳು. ತವೀತಾನ ಕೂಗು. ಯಾರದೋ ಹೆಜ್ಜೆ. ಟಕ್ ಎಂದು ಗುಂಯ್ ನಿಂತಿತು. ಆಮೇಲೆ ಫ್ರಿಜ್ಜಿನ ತಗಡಿನ ತಟ್ಟೆಗೆ ಕೀ ಬಿದ್ದ ಸದ್ದು, ಅದರ ಜೊತೆಗೇ ಗೆಜ್ಜೆಯಂಥ ಒಂದು ಸಣ್ಣ ಕಿಣಿಕಿಣಿ.

"ಇನ್ನೊಂದ್ಸಲ."

ಮತ್ತೆ ಅದೇ ಕಿಣಿಕಿಣಿ.

"ಮುಂದೆ ಹೋನೆ ಅಜ್ಜನ ಮಾತು. ಕೇಳ್ತೀರಾ ಆಂಟಿ? ನನಗೆ ನಿಮ್ಮ ಭಾಷೆ ಅರ್ಧ ಅರ್ಥವಾಗುತ್ತೆ. ಆದ್ರೂ ಅತ್ತುಬಿಟ್ಟೆ."

"ಈಗ ಬೇಡ."

ಹುಯಾಳಿಗೆ ಅದು ನೆನಪಿತ್ತು. ಅಜ್ಜ ನಡುವೆ ಬರೆದ ಮಾತು ಬಿಟ್ಟು ತನ್ನದೇ ಏನೋ ಹೇಳತೊಡಗಿದ್ದ: ದೋಣಿ, ಬಿರುಗಾಳಿ, ಹಿಂದೆ ಬಿಟ್ಟುಬಂದ ತಮ್ಮ. ಪಾತ್ರದೊಳಗೆ ಹೊಕ್ಕಿದ್ದಾನೆ ಎಂದುಕೊಂಡು ಯಾರೂ ತಡೆಯಲಿಲ್ಲ. ಪರೆ ಅಜ್ಜಿ ಮಾತ್ರ ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋಗಿದ್ದಳು. ವಯಸ್ಸಾದವಳು, ಸೆಕೆಗೆ ಹೋಗಿರಬೇಕು ಎಂದು ಹುಯಾ ಅಂದುಕೊಂಡಿದ್ದಳು.

ಅವಳು ವ್ಯಾನಿನಿಂದ ಇಳಿದಳು. "ಯಂತ್ರ ವರಾಂಡಕ್ಕೆ ತಾ. ಫ್ರಿಜ್ಜಿನೊಳಗೆ ಮೈಕ್ ಇಡು. ಒಳಗೆ ಯಾರು ಏನು ಹಾಕ್ತಾರೆ ನಿನಗೆ ಕಾಣಬಾರದು. ಕೇಳ್ಬೇಕು ಅಷ್ಟೇ."

ಪ್ರತಿ ಬೆಳಿಗ್ಗೆ ಪ್ರಾರ್ಥನೆಗೆ ಸೇರುವ ಹಾಗೆ ತಂಡ ಅಡುಗೆಮನೆಯಲ್ಲಿ ಸೇರಿತು. ಬೆಳಕಿನವರು, ಬಣ್ಣದವರು, ಬಟ್ಟೆಯವರು, ಅಡುಗೆಯವರು. ರಾತ್ರಿಯ ಹಾಡಿಗೆ ಎಲ್ಲರ ಗಂಟಲೂ ಕಟ್ಟಿತ್ತು. ಗ್ಯಾವಿನ್ ಕಿಟಕಿಗೆ ಒರಗಿ ನಿಂತ. ಪರೆ ಅಜ್ಜಿ ಒಲೆಯ ಮುಂದೆ ರೊಟ್ಟಿ ಕರಿಯುತ್ತಿದ್ದಳು; ಲೋಕ ಮುಳುಗಿದರೂ ಅವಳ ಮನೆಗೆ ಬಂದವರು ಹಸಿದು ಹೋಗುವಂತಿಲ್ಲ.

"ಮಧ್ಯಾಹ್ನದ ಫೆರಿಗೆ ತವೀತಾನ್ನ ಕರ್ಕೊಂಡು ಹೋಗ್ತಾರಂತೆ," ಎಂದಳು ಹುಯಾ. "ನಾನು ಭಾಷಣ ಮಾಡಲ್ಲ. ಪೆಟ್ಟಿಗೆ ಸಿಗೋ ತನಕ ನಾನು ಈ ಮನೆಯಿಂದ ಕದಲಲ್ಲ. ಇದು ನನ್ನ ಕೀ."

ಅವಳು ಫ್ರಿಜ್ ತೆರೆದಳು. ಅಜ್ಜಿಯ ಹೊಗೆಮೀನಿನ ಪಕ್ಕದ ತಗಡಿನ ತಟ್ಟೆಗೆ ತನ್ನ ಕಾರಿನ ಕೀ ಹಾಕಿದಳು. ಠಣ್ ಎಂದಿತು.

ಯಾರಿಗೂ ವಿವರಿಸಬೇಕಾಗಲಿಲ್ಲ. ಫ್ರಿಜ್ಜಿಗೆ ಕೀ ಹಾಕಿದರೆ ಏನರ್ಥ ಎಂದು ಇಲ್ಲಿ ಎಲ್ಲರಿಗೂ ಗೊತ್ತು: ಕೆಲಸ ಮುಗಿಯದೆ ಮನೆಗೆ ಹೋಗುವುದಿಲ್ಲ.

ಬೆಳಕಿನ ಮೇಸ್ತ್ರಿ ಮೊದಲು ಬಂದ. ಅವನ ಹಿಂದೆ ಬಣ್ಣದ ಹೆಂಗಸು, "ನನ್ನ ಗಂಡ ಬಯ್ತಾನೆ, ಬಯ್ಲಿ ಬಿಡು," ಎನ್ನುತ್ತ ಹಾಕಿದಳು. ನಿರ್ದೇಶಕಿ ರೋಯಿಮಾತಾ ತನ್ನದನ್ನು ಹಾಕಿ, ಹುಯಾಳ ಕೆನ್ನೆಗೆ ಕೆನ್ನೆ ತಾಗಿಸಿ ಹೋದಳು. ಕಾರೇ ಇಲ್ಲದ ಅಡುಗೆಯವನು ತನ್ನ ಸೈಕಲ್ಲಿನ ಬೀಗದ ಕೀ ತಂದು ಹಾಕಿದಾಗ ಎಲ್ಲರೂ ನಕ್ಕರು. ಸಾಲು ವರಾಂಡ ದಾಟಿ ಅಂಗಳಕ್ಕೆ ಹೋಯಿತು.

ಹುಯಾಳ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ. ನನ್ನವರು ಇವರು, ಎಂದುಕೊಂಡಳು. ಸಂಬಳ ತಡವಾದಾಗಲೂ ಮಳೆಯಲ್ಲಿ ನಿಂತವರು, ಒಬ್ಬ ಬಿದ್ದರೆ ನಾಲ್ಕು ಕೈ ಚಾಚುವವರು. ಇಂಥವರ ಮುಂದೆ ನಿಂತು 'ಸುಮ್ಮನಿರಿ' ಎನ್ನುವ ಭಾಗ್ಯ ಎಷ್ಟು ಜನಕ್ಕಿದೆ? ಇವರೊಳಗೆ ಒಬ್ಬ ಕಳ್ಳನಿದ್ದಾನೆ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ಆದರೂ ಕಿವಿ ಪ್ರತಿ ಸದ್ದನ್ನೂ ಅಳೆಯುತ್ತಿತ್ತು.

ಠಣ್. ಠಣ್. ಠಕ್.

ಆಮೇಲೆ, ಕಿಣಿಕಿಣಿ.

ವರಾಂಡದಲ್ಲಿ ತವೀತಾ ಹೆಡ್‌ಫೋನು ಕಿತ್ತು ಎದ್ದುನಿಂತ. "ಅದೇ! ಆಂಟಿ, ಅದೇ!"

ಫ್ರಿಜ್ಜಿನ ಮುಂದೆ ಇದ್ದವನು ಕ್ಯಾಲಮ್, ಕ್ಯಾಮೆರಾದ ಕಾರ್ಡುಗಳನ್ನು ನಕಲು ಮಾಡುವವನು. ಅವನ ಕೀಗೊಂಚಲಿನಲ್ಲಿ ಸಣ್ಣ ಹಿತ್ತಾಳೆ ಗಂಟೆ, ಮಗಳು ಬೆಕ್ಕಿನ ಕೊರಳಿಂದ ಬಿಚ್ಚಿ ಕಟ್ಟಿದ್ದು. ಅವನ ಕೈ ಇನ್ನೂ ಒಳಗೇ ಇತ್ತು, ಮುಖ ಸುಣ್ಣವಾಗಿತ್ತು.

"ನಿನ್ನೆ ಫ್ರಿಜ್ ಆರಿಸಿದ್ದು ನೀನು," ಎಂದಳು ಹುಯಾ. ದನಿ ಏರಿಸಲಿಲ್ಲ.

"ಹೂಂ."

"ಯಾರು ಅಂತ ಕೇಳಿದಾಗ ಬಾಯಿ ಬಿಡ್ಲಿಲ್ಲ."

"ಹೆದರಿಕೆ ಆಯ್ತು ಆಂಟಿ. ಎಲ್ಲರ ಜೊತೆ ಬಸ್ಸಲ್ಲಿ ಆಸ್ಪತ್ರೆಗೆ ಓಡಿದೆ. ಹೆಲಿಕಾಪ್ಟರ್ ಹೋದ್ಮೇಲೆ ಕಾರ್ ಹತ್ರ ಬಂದ್ರೆ ಜೇಬಲ್ಲಿ ಕೀ ಇಲ್ಲ. ಆಗ ನೆನಪಾಯ್ತು. ಬೀಗ ಹಾಕಿತ್ತು, ಉಗ್ರಾಣದ ಕಿಟಕಿ ಹಾದು ಒಳಗೆ ಬಂದೆ. ಕೀ ತಗೊಂಡೆ, ಹೋದೆ. ಬೆಳಿಗ್ಗೆ ನೋಡಿದ್ರೆ ಪೆಟ್ಟಿಗೆ ಇಲ್ಲ! ಕಿಟಕಿ ಹಾದು ಬಂದವನು ನಾನು, ಪೆಟ್ಟಿಗೆ ನನ್ನ ಕೈಕೆಳಗಿಂದು. ಯಾರು ನಂಬ್ತಾರೆ?"

"ಅದಕ್ಕೆ ತವೀತಾ ಕೊರಳಿಗೆ ಬೀಳ್ಲಿ ಅಂತ ಸುಮ್ಮನಿದ್ಯಾ?"

ಕ್ಯಾಲಮ್ ಅಳತೊಡಗಿದ. "ಈ ಸಾಲಲ್ಲಿ ನಿಂತಾಗ ನಾಚಿಕೆ ಆಯ್ತು. ಕೀ ಹಾಕಿ ಹೇಳ್ಬೇಕು ಅಂತಾನೇ ಬಂದೆ. ದೇವರಾಣೆ."

ಕಿಟಕಿಯಿಂದ ಗ್ಯಾವಿನ್ ಚಪ್ಪಾಳೆ ತಟ್ಟಿದ. "ಸರಿ, ತವೀತಾ ಅಲ್ಲದಿದ್ರೆ ಇವನು. ಹೇಗಿದ್ರೂ ನಿನ್ನ ತಂಡದವನೇ ಆದ್ನಲ್ಲ ಹುಯಾ."

ಹುಯಾ ಅತ್ತ ನೋಡಲಿಲ್ಲ. "ಕ್ಯಾಲಮ್, ನಿಧಾನವಾಗಿ ಹೇಳು. ಕೀ ತಗೊಂಡು ಫ್ರಿಜ್ ಹಾಕಿದೆ."

"ಇಲ್ಲ ಆಂಟಿ." ಕ್ಯಾಲಮ್ ಮೂಗು ಒರೆಸಿಕೊಂಡ. "ನಾನು ಬಂದಾಗ ಫ್ರಿಜ್ ಆಗಲೇ ಓಡ್ತಿತ್ತು. ಕೀ ಒಳಗೆ ಇರ್ಲೂ ಇಲ್ಲ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಬಾಗಿಲ ಹಿಂದೆ ನೋಡ್ದೆ. ಅಲ್ಲಿ ನೇತಾಡ್ತಿತ್ತು."

ಹುಯಾ ಬಾಗಿಲ ಕಡೆ ತಿರುಗಿದಳು.

ಸಿಕ್ಕ ಕೀ ಯಾರದಾದರೂ ಸರಿ, ಬಾಗಿಲ ಹಿಂದಿನ ಮೊಳೆಗೆ. ಇದು ಹುಯಾಳ ಇನ್ನೊಂದು ಕಟ್ಟಳೆ. ಹೋದ ಹೋದ ಮನೆಯಲ್ಲಿ ಮೊದಲ ದಿನವೇ ಕಣ್ಣಿನ ಮಟ್ಟಕ್ಕೆ ಒಂದು ಮೊಳೆ ಹೊಡೆಯುತ್ತಾಳೆ. ಈ ಮನೆಯಲ್ಲಿ ಮಾತ್ರ ಹೊಡೆದಿಲ್ಲ. 'ನನ್ನ ಗಂಡ ಕಡಿದು ತಂದ ಮರದ ಗೋಡೆ, ಮೊಳೆ ಹೊಡೆದರೆ ನಿನ್ನ ಬೆರಳು ಜಜ್ಜುತ್ತೇನೆ' ಎಂದಿದ್ದಳು ಪರೆ ಅಜ್ಜಿ. ಬದಲಿಗೆ ಹಳೆಯ ನಾಯಿಯ ಸರಪಣಿ ಸಿಕ್ಕಿಸುತ್ತಿದ್ದ ಕೊಕ್ಕೆ ತೋರಿಸಿದ್ದಳು. ಅದಿರುವುದು ಮೊಣಕಾಲಿನ ಮಟ್ಟದಲ್ಲಿ. ವೈರುಗಳಿಗಾಗಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಕಲ್ಲು ಅಡ್ಡ ಕೊಟ್ಟು. ಕೊಕ್ಕೆ ಅದರ ಹಿಂದೆ, ಹೊಸಬರ ಕಣ್ಣಿಗೆ ಬೀಳುವುದಿಲ್ಲ.

ಹುಯಾ ಹೋಗಿ ಕಲ್ಲನ್ನು ಕಾಲಿನಿಂದ ಸರಿಸಿದಳು. ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು.

ಕೊಕ್ಕೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಕೀ ನೇತಾಡುತ್ತಿತ್ತು.

"ಗ್ಯಾವಿನ್," ಎಂದಳು. "ಈ ಮನೆಗೆ ಮೊದಲು ಬಂದಿದ್ಯಾ?"

"ಬೆಳಿಗ್ಗೇನೇ ಹೇಳಿದ್ನಲ್ಲ. ಇವತ್ತೇ ಮೊದಲು."

"ಬೆಳಿಗ್ಗೆ ಈ ಕೀ ಇಲ್ಲಿ ಹಾಕಿದ್ದು ನೀನು."

"ಹಾಕಿದೆ. ನೀನೇ ಕಲಿಸಿದ್ದು, ಬಾಗಿಲ ಹಿಂದೆ ಹಾಕು ಅಂತ."

"ಕಣ್ಣಿನ ಮಟ್ಟಕ್ಕೆ ಅಂತ ಕಲಿಸಿದ್ದೆ. ಇಲ್ಲಿ ಕಣ್ಣಿನ ಮಟ್ಟಕ್ಕೆ ಏನೂ ಇಲ್ಲ, ನೋಡು. ಮೊದಲ ಸಲ ಬಂದವನು ಮೇಲೆ ತಡಕಾಡ್ಬೇಕಿತ್ತು. ನೀನು ತಡಕಾಡ್ಲಿಲ್ಲ ಕಣೋ. ಮಾತಾಡ್ತಾ ಮಾತಾಡ್ತಾ ಬಗ್ಗಿದೆ."

ಗ್ಯಾವಿನ್‌ನ ಕೈ ತಾನಾಗಿಯೇ ಕೋಟಿನ ಜೇಬು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹುಯಾಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಅಡಿಯಲ್ಲಿ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹೆಮ್ಮೆಯೂ ಬಂತು. ಅವಳ ಹುಡುಗರು ಕದ್ದಿರಲಿಲ್ಲ. ಕದ್ದ ಹುಡುಗನೂ ಒಂದು ಕಾಲಕ್ಕೆ ಅವಳವನೇ.

"ಕಳ್ಳತನಕ್ಕೆ ಬಂದವನು ಫ್ರಿಜ್ ಆರಿರೋದು ನೋಡಿ ತಡೀಲಾರದೆ ಹಾಕಿದ್ದೀಯ," ಎಂದಳು. "ಒಳಗೆ ಯಾರದೋ ಕೀ ನೋಡಿ, ಪಾಪ ಹುಡುಕ್ತಾನೆ ಅಂತ ಎತ್ತಿ ಕೊಕ್ಕೆಗೆ ಹಾಕಿದ್ದೀಯ. ನಾನು ಕಲಿಸಿದ್ದನ್ನ ಇಷ್ಟು ಚೆನ್ನಾಗಿ ಕಲಿತವನು ಇನ್ನೊಬ್ಬ ಇಲ್ಲ ಗ್ಯಾವಿನ್. ಆ ಕೈಯಲ್ಲೇ ಪೆಟ್ಟಿಗೆ ಯಾಕೋ ಎತ್ತಿದೆ? ಬೀಗ ಹಾಕಿದ ಮನೆ, ಒಳಗೆ ಹೇಗೆ ಬಂದೆ?"

ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದೆ ಬಂದರು. ತವೀತಾ ಬಾಗಿಲಿಗೆ ಅಡ್ಡ ನಿಂತ. ಅವನು ನಿಂತರೆ ಇನ್ನು ಬೀಗ ಬೇಕಿಲ್ಲ.

"ಆಂಟಿ," ಎಂದ ಗ್ಯಾವಿನ್. ಆ ಪದ ಅವನ ಬಾಯಲ್ಲಿ ಬಂದು ವರ್ಷಗಳೇ ಆಗಿದ್ದವು. "ನನ್ನ ಕೇಳ್ಬೇಡಿ. ದಯವಿಟ್ಟು."

ಅವನು ನೋಡುತ್ತಿದ್ದುದು ಹುಯಾಳನ್ನಲ್ಲ. ಅವಳ ಹಿಂದೆ, ಒಲೆಯ ಕಡೆಗೆ.

ರೊಟ್ಟಿ ಕರಿಯುವ ಸದ್ದು ನಿಂತಿತ್ತು. ಪರೆ ಅಜ್ಜಿ ಒಲೆ ಆರಿಸಿ, ಕೈಯನ್ನು ಏಪ್ರನ್ನಿಗೆ ಒರೆಸಿ, ಕೊರಳಿನಿಂದ ಮನೆಯ ಕೀಯಿದ್ದ ದಾರವನ್ನು ತೆಗೆದಳು. ಫ್ರಿಜ್ಜಿನ ಹತ್ತಿರ ಬಂದು, ಎಲ್ಲರ ಕೀಗಳ ಮೇಲೆ ತನ್ನದನ್ನೂ ಇಟ್ಟಳು. ಸದ್ದೇ ಆಗಲಿಲ್ಲ.

"ಅವನನ್ನ ಬಿಡು ಹುಯಾ," ಎಂದಳು. "ನಿನ್ನೆ ಇದನ್ನ ಅವನ ಕೈಗೆ ಕೊಟ್ಟು, ಹೋನೆಯ ಆ ಮಾತು ಟಿವಿಲಿ ಬರ್ಬಾರ್ದು, ಪೆಟ್ಟಿಗೆ ಎತ್ಕೊಂಡು ಬಾ ಅಂದಿದ್ದು ನಾನು."

ಆಮೇಲೆ ತವೀತಾನ ಕಡೆ ತಿರುಗಿ, ಅವನ ಕೊರಳಿನ ಚೀಲಕ್ಕೆ ಕೈ ಚಾಚಿದಳು.

"ಹೋನೆಯ ದನಿ ಅದರಲ್ಲಿದೆ ಅಲ್ವಾ ಮಗನೇ? ಅದನ್ನೂ ನನಗೆ ಕೊಟ್ಬಿಡು. ಅವನು ನೀರಲ್ಲಿ ಬಿಟ್ಟುಬಂದ ಆ ತಮ್ಮ ನನ್ನ ಗಂಡ."